ಗುಂಡನ ಮುಂದೆ ಆಡಿದ ಮಾತು

ಆ ಮನೆಯಲ್ಲಿ ಬಿಸಿಲು ಬರುವ ಕಿಟಕಿ ಒಂದೇ. ಅದು ಬೇಕಾದವರು ಇಬ್ಬರು. ಅಜ್ಜಿಗೆ ಮಂಡಿನೋವು, ಬೆಳಗಿನ ಬಿಸಿಲಿಗೆ ಕಾಲು ಚಾಚಿ ಕೂತರೆ ಅರ್ಧ ಔಷಧಿ ಕುಡಿದಂತೆ ಅವಳಿಗೆ. ಅಮ್ಮ ಮನೆಯಲ್ಲೇ ಹೊಲಿಗೆ ಮಾಡುವವಳು. ಶಾಲೆಮಕ್ಕಳ ಬಿಳಿ ಅಂಗಿಗೆ ಬಿಳಿ ದಾರ ಓಡಿಸುವಾಗ ಬೆಳಕಿಲ್ಲದಿದ್ದರೆ ಸೂಜಿ ಬೆರಳನ್ನೇ ಹೊಲಿದುಬಿಡುತ್ತದೆ. ಶಾಲೆ ತೆರೆಯುವ ಮುಂಚೆ, ಕೆಲಸ ತಲೆಯ ಮೇಲೆ ಬಿದ್ದಿದ್ದ ಹೊತ್ತಿನಲ್ಲಿ, ಅಮ್ಮ ಯಾರನ್ನೂ ಕೇಳದೆ ಅಜ್ಜಿಯ ಕುರ್ಚಿಯನ್ನು ಗೋಡೆ ಪಕ್ಕಕ್ಕೆ ಎಳೆದು, ಮಷೀನನ್ನು ಕಿಟಕಿಗೆ ತಂದಳು. ಅಜ್ಜಿ ಸ್ನಾನ ಮುಗಿಸಿ ಬಂದು ನೋಡಿದಳು. ಏನೂ ಹೇಳಲಿಲ್ಲ. ಆವತ್ತಿನಿಂದ ಸೊಸೆಗೆ ಏನೂ ಹೇಳಲೇ ಇಲ್ಲ.

ಸೊಸೆಯೂ ಬಗ್ಗುವ ಪೈಕಿ ಅಲ್ಲ. ಮಾತು ಬಿಟ್ಟವರೇ ಮಾತು ಹಿಡಿಯಲಿ ಎಂದು ಕತ್ತರಿ ಕೈಗೆತ್ತಿಕೊಂಡಳು. ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಮೊದಲ ವಾರ ಅವನು ಇಬ್ಬರ ಹತ್ತಿರವೂ ಹೋಗಿ ನೋಡಿದ. ಎರಡೂ ಕಡೆ ಬೈಸಿಕೊಂಡು ಬಂದು ಊಟಕ್ಕೆ ಕೂತ.

"ನಂದು ಎರಡು ಮಹಡಿ ಮಧ್ಯೆ ನಿಂತ ಲಿಫ್ಟಿನ ಪಾಡು ಕಣೆ," ಎಂದ ಮಗಳಿಗೆ. "ಮೇಲೂ ಬಾಗಿಲು ತೆಗಿಯಲ್ಲ, ಕೆಳಗೂ ತೆಗಿಯಲ್ಲ. ಗಂಟೆ ಹೊಡೀತಾ ಒಳಗೆ ಕೂತಿರೋದು."

ಮಗಳಿಗೆ ಅಜ್ಜಿ ಇಟ್ಟ ಹೆಸರು ಗಿರಗಿಟ್ಲೆ. ಕಾಲೇಜು, ಗೆಳತಿಯರು, ನಾಟಕದ ತಂಡ, ಕೈಯಲ್ಲಿ ಸದಾ ಫೋನು. ಮನೆಯಲ್ಲಿ ಒಂದು ಕಡೆ ನಿಂತು ಅವಳು ನೀರು ಕುಡಿದದ್ದನ್ನೂ ಯಾರೂ ನೋಡಿರಲಿಲ್ಲ. ಇಬ್ಬರು ಹೆಂಗಸರ ನಡುವೆ ಮಾತು ಸಾಗಿಸುವ ಕೆಲಸ ಅವಳ ಪಾಲಿಗೆ ಬಂತು. ಅದನ್ನು ಅವಳು ಬಲು ಬೇಗ ಕಲಿತಳು. ಅಡುಗೆಗೆ ಉಪ್ಪು ಬಿದ್ದಿದೆಯೋ ಉಪ್ಪಿನ ಡಬ್ಬಿಯೇ ಬಿದ್ದಿದೆಯೋ ಕೇಳಿಕೊಂಡು ಬಾ ಎಂದು ಅಜ್ಜಿ ಕಳಿಸಿದರೆ, ಅಡುಗೆಮನೆ ತಲುಪುವಷ್ಟರಲ್ಲಿ ಅದು "ಅಜ್ಜಿಗೆ ಇವತ್ತು ಬಾಯಿ ರುಚಿ ಇಲ್ವಂತೆ" ಎಂದಾಗಿರುತ್ತಿತ್ತು. ಅಜ್ಜಿಯ ಶಾಲು ಕತ್ತರಿಸುವ ಮೇಜಿನ ಮೇಲೆ ಬಿದ್ದಿರುತ್ತದೆ, ಅದರ ನೂಲು ಬಿಳಿ ಬಟ್ಟೆಗೆಲ್ಲ ಹತ್ತುತ್ತದೆ, ತೆಗೆದುಕೊಂಡು ಹೋಗಲಿ ಎಂದು ಅಮ್ಮ ಸಿಡುಕಿದ್ದಳು. ಗಿರಗಿಟ್ಲೆ ಶಾಲು ತಂದು ಅಜ್ಜಿಯ ಹೆಗಲಿಗೆ ಹಾಕಿ, "ಹೊದ್ಕೋಬೇಕಂತೆ. ನಿನಗೆ ಗಾಳಿ ತಾಗತ್ತೆ ಅಂತ ಅಮ್ಮ ಹೇಳಿದ್ಳು," ಎಂದಳು. ಅಜ್ಜಿ ಹುಬ್ಬೇರಿಸಿದಳು. ಶಾಲನ್ನು ಮಾತ್ರ ಹೆಗಲಿನಿಂದ ಇಳಿಸಲಿಲ್ಲ. ಸೆಖೆಯಿದ್ದ ದಿನವೂ ಇಳಿಸಲಿಲ್ಲ.

ಯಾರಿಗೂ ನೋವಾಗಲಿಲ್ಲ, ಜಗಳ ಬೆಳೆಯಲಿಲ್ಲ. ತಾನು ಎಷ್ಟು ಜಾಣೆ ಎಂದು ಗಿರಗಿಟ್ಲೆಗೆ ಒಳಗೊಳಗೇ ಹಿಗ್ಗು.

ಗುಂಡ ಬಂದದ್ದು ಆಮೇಲೆ. ಸಹಪಾಠಿಯೊಬ್ಬಳ ಮನೆಯಲ್ಲಿ ಗಿನಿಪಿಗ್ ಮರಿ ಹಾಕಿತ್ತು. ಕಂದು ಬಿಳಿ ಬಣ್ಣದ, ಅಂಗೈ ತುಂಬುವ, ಬಾಲವೇ ಇಲ್ಲದ ಉಂಡೆಗಳು. ಆ ಹುಡುಗಿ ಎರಡನ್ನು ಒಟ್ಟಿಗೆ ತೆಗೆದುಕೊಂಡು ಹೋಗು ಎಂದು ಮತ್ತೆ ಮತ್ತೆ ಹೇಳಿದಳು. ಇವು ಗುಂಪಿನಲ್ಲಿ ಬಾಳುವ ಪ್ರಾಣಿ. ಮಾತಾಡಲು ಜೊತೆ ಇಲ್ಲದಿದ್ದರೆ ಮಂಕಾಗುತ್ತವೆ.

"ನಮ್ಮನೇಲಿ ನಾಲ್ಕು ಜನ ಇದೀವಲ್ಲ," ಎಂದು ನಕ್ಕಳು ಗಿರಗಿಟ್ಲೆ. "ಮಾತಿಗೇನು ಬರ?"

ಒಂದನ್ನೇ ರಟ್ಟಿನ ಡಬ್ಬಿಯಲ್ಲಿಟ್ಟು ತಂದಳು. ಅಮ್ಮ ಮಷೀನಿನಿಂದ ತಲೆಯೆತ್ತಿ, ಇಲಿ ಓಡಿಸೋದಕ್ಕೇ ನನಗೆ ಪುರುಸೊತ್ತಿಲ್ಲ, ನೀನು ಸಾಕೋದಕ್ಕೆ ತಂದಿದೀಯ ಎಂದಳು. ಇಲಿಯಲ್ಲ, ಗಿನಿಪಿಗ್ ಎಂದು ತಿದ್ದಿದಳು ಮಗಳು. ಪಿಗ್ ಎಂದರೆ ಹಂದಿ ಎಂಬುದು ಅಜ್ಜಿಗೂ ಗೊತ್ತಿತ್ತು. ಅವಳು ಕನ್ನಡಕ ಏರಿಸಿಕೊಂಡು ಡಬ್ಬಿಯೊಳಗೆ ಬಗ್ಗಿ ನೋಡಿದಳು.

"ಹಂದೀನೂ ಅಲ್ಲ, ಇಲೀನೂ ಅಲ್ಲ. ಪಾಪ, ಈ ಮನೇಲಿ ನನ್ನ ಥರಾನೇ ಅನ್ನು."

ಯಾರೂ ಏನೂ ಮಾಡಬೇಕಾಗಿಲ್ಲ, ಊಟ ನೀರು ಸ್ವಚ್ಛ ಎಲ್ಲ ತಾನೇ ನೋಡಿಕೊಳ್ಳುತ್ತೇನೆ ಎಂದು ಗಿರಗಿಟ್ಲೆ ತಲೆ ಮುಟ್ಟಿಕೊಂಡು ಆಣೆ ಮಾಡಿದಳು. ಅಪ್ಪ ಕೆಲಸದ ಕಡೆಯಿಂದ ಹಳೇ ಜಾಲರಿ ತಂದು, ಬಾಗಿಲು ಪಕ್ಕಕ್ಕೆ ಸರಿಯುವ ಅಗಲವಾದ ಗೂಡು ಕಟ್ಟಿದ. ಓವರ್‌ಲೋಡ್ ಆದರೆ ಗಂಟೆ ಹೊಡೆಯುವುದೊಂದು ಬಾಕಿ ಎಂದ. ಗೂಡನ್ನು ಇಡಲು ಜಾಗ ಎಲ್ಲಿ? ಕಿಟಕಿಯ ಕೆಳಗೆ, ಮಷೀನಿಗೂ ಅಜ್ಜಿಯ ಕುರ್ಚಿಗೂ ನಡುವೆ.

ಮೊದಲ ದಿನಗಳಲ್ಲಿ ಎಲ್ಲವೂ ತಪ್ಪೇ. ನೇರ ಬಿಸಿಲು ಬಿದ್ದು ಅದು ಏದುಸಿರು ಬಿಟ್ಟಿತು. ಗೂಡಿಗೆ ಹಳೇ ಪರದೆ ಕಟ್ಟಬೇಕಾಯಿತು. ಅಜ್ಜಿ ಪ್ರೀತಿಯಿಂದ ಹಾಲಲ್ಲಿ ನೆನೆಸಿದ ಬ್ರೆಡ್ ಕೊಟ್ಟಳು, ಅದಕ್ಕೆ ಹೊಟ್ಟೆ ಕೆಟ್ಟಿತು. ಗಿರಗಿಟ್ಲೆ ಫೋನಿನಲ್ಲಿ ಹುಡುಕಿ ಹುಡುಕಿ ಓದಿ ಹೇಳಿದಳು: ಬ್ರೆಡ್ಡೂ ಇಲ್ಲ, ಹಾಲೂ ಇಲ್ಲ. ಹಗಲೂ ರಾತ್ರಿ ಹುಲ್ಲು ಮುಂದಿರಬೇಕು, ಹಲ್ಲು ಬೆಳೆಯುತ್ತಲೇ ಇರುತ್ತದೆ, ಅಗಿದು ಸವೆಸದಿದ್ದರೆ ಕಷ್ಟ. ಜೊತೆಗೆ ಒಂದು ಚೂರು ದೊಣ್ಣೆ ಮೆಣಸಿನಕಾಯಿ. ಬಚ್ಚಿಟ್ಟುಕೊಳ್ಳಲು ಒಂದು ಡಬ್ಬಿ. ವಾರಕ್ಕೊಮ್ಮೆ ತೂಕ ನೋಡಬೇಕು, ಯಾಕೆಂದರೆ ಕಾಯಿಲೆ ಬಂದರೆ ಅದು ತೋರಿಸಿಕೊಳ್ಳುವುದಿಲ್ಲ.

"ತೋರಿಸ್ಕೊಳಲ್ವಾ," ಎಂದಳು ಅಜ್ಜಿ. "ಹಾಗಾದ್ರೆ ನಮ್ಮೋನೇ ಬಿಡು."

ಹುಲ್ಲಿನ ಕೆಲಸ ಅಜ್ಜಿಯದಾಯಿತು. ತಿಂಗಳುಗಟ್ಟಲೆ ಮೆಟ್ಟಿಲು ಇಳಿಯದಿದ್ದವಳು, ಕೈಯಲ್ಲಿ ಚೀಲ, ಚೀಲದಲ್ಲಿ ಅಮ್ಮನ ಹಳೇ ಕತ್ತರಿ ಹಿಡಿದು, ಕಟ್ಟಡದ ಹಿಂದಿನ ಖಾಲಿ ಜಾಗಕ್ಕೆ ಹೋಗತೊಡಗಿದಳು. ಎಳೇ ಹುಲ್ಲನ್ನೇ ಆರಿಸಿ, ತೊಳೆದು, ನೀರು ಕೊಡವಿ ಬೆಳಿಗ್ಗೆ ಒಂದು ಕಟ್ಟು, ಸಂಜೆ ಒಂದು ಕಟ್ಟು ಗೂಡಿಗೆ ಹಾಕುತ್ತಿದ್ದಳು. ಹಾಕಿ, ಪಕ್ಕದ ಮನೆಯವಳ ಜೊತೆ ಒಂದು ಗಳಿಗೆ ಹರಟಲು ಹೋಗುವಳು. ಮಂಡಿನೋವಿನ ಮಾತೇ ಕಡಿಮೆಯಾಯಿತು.

ಗುಡಿಸುವ ಕೆಲಸ ಅಮ್ಮನದಾಯಿತು. ಯಾರೂ ಹೇಳಿದ್ದಲ್ಲ. ಮೇಜು ಸಾಲದೆ ನೆಲದ ಮೇಲೂ ಬಿಳಿ ಬಟ್ಟೆ ಹಾಸಿ ಕತ್ತರಿಸುವವಳಿಗೆ ಒಂದು ಹಸಿರು ಎಳೆ ಸಾಕು, ಇಡೀ ಅಂಗಿಗೆ ಕಲೆ. ಆದ್ದರಿಂದ ಬಟ್ಟೆ ಹಾಸುವ ಮುಂಚೆ ಪ್ರತಿ ಸಲ ಗೂಡಿನಲ್ಲಿ ಉಳಿದದ್ದನ್ನು ಬಾಚಿ, ಹಿಕ್ಕೆ ತೆಗೆದು, ಒರೆಸಿ, ಆಮೇಲೆಯೇ ಕೆಲಸಕ್ಕೆ ಕೂರುವಳು.

ಹೀಗೆ ಗಿರಗಿಟ್ಲೆಗೆ ಉಳಿದದ್ದು ವಿಡಿಯೋ ತೆಗೆಯುವ ಕೆಲಸ.

ತೆಗೆಯಲು ಬೇಕಾದಷ್ಟು ಇತ್ತು. ಫ್ರಿಜ್ಜಿನ ಬಾಗಿಲು ತೆರೆದ ಸದ್ದಿಗೆ, ಪ್ಲಾಸ್ಟಿಕ್ ಚೀಲ ಸರಕ್ಕೆಂದರೆ, ಗುಂಡ ಎರಡು ಕಾಲ ಮೇಲೆ ನಿಂತು ಸೀಟಿ ಹೊಡೆಯುತ್ತಿದ್ದ. ವೀ, ವೀ, ವೀ ಎಂದು ಓಣಿಗೆಲ್ಲ ಕೇಳುವಂತೆ. ಖುಷಿಯಾದರೆ ಇದ್ದಲ್ಲೇ ಕಾಳು ಸಿಡಿದಂತೆ ಮೇಲೆ ಹಾರುತ್ತಿದ್ದ. ಇನ್ನೊಂದು ವಿಚಿತ್ರವೂ ಶುರುವಾಯಿತು. ಅಜ್ಜಿ ಮತ್ತು ಅಮ್ಮ ಗುಂಡನ ಜೊತೆ ಮಾತಾಡತೊಡಗಿದರು.

"ಗುಂಡ, ಇವತ್ತು ಯಾರೋ ಬೆಳಿಗ್ಗೆ ಎದ್ದಾಗಿಂದ ಮಷೀನ್ ತುಳೀತಿದಾರೆ. ಟೀ ಆದ್ರೂ ಕುಡಿದ್ರೋ ಇಲ್ವೋ ಕೇಳೋ," ಎನ್ನುವಳು ಅಜ್ಜಿ.

ಅಮ್ಮ ದಾರ ಕಚ್ಚಿ ತುಂಡು ಮಾಡಿ, ತಲೆಯೆತ್ತದೆ, "ಗುಂಡಪ್ಪ, ಟೀ ಫ್ಲಾಸ್ಕಲ್ಲಿದೆ. ಬೇಕಾದೋರು ಬಗ್ಗಿಸ್ಕೊಬೋದು. ಸಕ್ಕರೆ ಹಾಕಿಲ್ಲ, ಕೆಲವರಿಗೆ ಡಾಕ್ಟರು ಬೇಡ ಅಂದಿದಾರೆ ಅಂತ ನೆನಪಿರೋದಕ್ಕೆ," ಎನ್ನುವಳು.

ಗುಂಡ ಹುಲ್ಲು ಜಗಿಯುತ್ತಾ ಆಚೆ ಈಚೆ ನೋಡುವನು. ಗಿರಗಿಟ್ಲೆ ಇದನ್ನು ಬಾಗಿಲ ಸಂದಿನಿಂದ ತೆಗೆದು ಗೆಳತಿಯರಿಗೆ ಕಳಿಸಿದಳು. ಅವರು ಬಿದ್ದು ಬಿದ್ದು ನಕ್ಕರು. ಅಪ್ಪನೂ ಊಟಕ್ಕೆ ಕೂತಾಗ ಸಣ್ಣ ದನಿಯಲ್ಲಿ, ಲಿಫ್ಟು ಸ್ವಲ್ಪ ಅಲ್ಲಾಡ್ತಿದೆ ಕಣೆ ಎಂದ. ಇಷ್ಟರಲ್ಲೇ ಇಬ್ಬರೂ ಮುಖ ನೋಡಿ ಮಾತಾಡಿಯಾರು ಎಂದು ಎಲ್ಲರಿಗೂ ಅನಿಸಿತ್ತು.

ಆಮೇಲೆ ಕಾಲೇಜಿನಲ್ಲಿ ನಾಟಕದ ಸ್ಪರ್ಧೆ ಬಂತು. ಗಿರಗಿಟ್ಲೆ ಬೆಳಿಗ್ಗೆ ಬ್ರೆಡ್ ಬಾಯಲ್ಲಿಟ್ಟುಕೊಂಡೇ ಚಪ್ಪಲಿ ಹಾಕಿಕೊಳ್ಳುವಳು, ದೀಪ ಹಚ್ಚುವ ಹೊತ್ತು ಮೀರಿ ಬರುವಳು. ತೂಕದ ಯಂತ್ರ ಅಡುಗೆಮನೆಯ ಕಪಾಟು ಸೇರಿತು. ಗುಂಡನ ತೂಕ ನೋಡಿದ್ಯಾ ಎಂದು ಅಮ್ಮ ಕೇಳಿದರೆ, ಅಜ್ಜಿ ನೋಡಿಕೊಳ್ಳುತ್ತಿದ್ದಾಳಲ್ಲ ಎನ್ನುವಳು. ಅಜ್ಜಿ ಕೇಳಿದರೆ, ಅಮ್ಮ ಅಲ್ಲೇ ಇರುತ್ತಾಳಲ್ಲ ಎನ್ನುವಳು. ಸುಳ್ಳೇನಲ್ಲ. ಇಬ್ಬರೂ ಅಲ್ಲೇ ಇದ್ದರು.

ಆ ದಿನಗಳಲ್ಲಿ ಮನೆ ಸ್ವಲ್ಪ ಶಾಂತವಾಗಿದೆ ಎಂದು ಅವಳಿಗೆ ಅನಿಸಿದ್ದುಂಟು. ಫ್ರಿಜ್ ತೆರೆದರೂ ಸೀಟಿಯಿಲ್ಲ. ಬೆಳೆದು ಬುದ್ಧಿ ಬಂದಿದೆ ಇವನಿಗೆ ಎಂದುಕೊಂಡು, ಗೋಡೆಗೊರಗಿ ನಾಟಕದ ಮಾತು ಬಾಯಿಪಾಠ ಮಾಡಿದ್ದಳು.

ಒಂದು ಬೆಳಿಗ್ಗೆ ಅವಳು ಬಾಗಿಲಲ್ಲಿ ಬಗ್ಗಿ ಚಪ್ಪಲಿಯ ಪಟ್ಟಿ ಎಳೆಯುತ್ತಿದ್ದಾಗ ಅಮ್ಮ ಕೈಯಲ್ಲಿ ಹುಲ್ಲಿನ ರಾಶಿ ಹಿಡಿದು ಬಂದಳು. ಮುಖ ಗಂಟಿಕ್ಕಿತ್ತು.

"ನಿಮ್ಮಜ್ಜಿಗೆ ಹೇಳು. ಹುಲ್ಲು ಹಾಕಿದ್ದು ಹಾಕಿದ ಹಾಗೇ ಇರತ್ತೆ. ಮುಟ್ಟಿರಲ್ಲ. ದಿನಾ ನಾನು ಬಾಚಿ ಬಾಚಿ ಸುರೀಬೇಕು. ಯಾರಿಗೆ ಪ್ರದರ್ಶನ ಇದು? ಕಮ್ಮಿ ಹಾಕೋಕೆ ಹೇಳು."

ಗಿರಗಿಟ್ಲೆ ಹ್ಞೂಂ ಎಂದಳು. ಮೆಟ್ಟಿಲಲ್ಲಿ ಅಜ್ಜಿ ಎದುರಾದಳು. ಕಟಾಂಜನ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಿದ್ದಳು, ಚೀಲದ ತುಂಬಾ ಹಸಿರು, ಹಣೆ ತುಂಬಾ ಬೆವರು. ನಿಮ್ಮಮ್ಮ ಏನಾದ್ರೂ ಅಂದಳಾ ಎಂದು ಕೇಳಿದಳು. ಆ ಮುಖಕ್ಕೆ ಪ್ರದರ್ಶನ ಎಂಬ ಮಾತನ್ನು ಹೇಗೆ ಹೇಳುವುದು? ಬಸ್ಸು ಬೇರೆ ತಪ್ಪುತ್ತಿತ್ತು.

"ಹುಲ್ಲು ತುಂಬಾ ಚೆನ್ನಾಗಿದೆಯಂತೆ ಅಜ್ಜಿ. ಗುಂಡ ಚೆನ್ನಾಗಿ ತಿಂತಿದಾನಂತೆ."

ಅಜ್ಜಿಯ ಮುಖ ಅರಳಿತು. "ನನಗೆ ಗೊತ್ತಿಲ್ವಾ? ನಾನು ಬಂದು ನೋಡೋ ಹೊತ್ತಿಗೆ ಒಂದು ಕಡ್ಡಿನೂ ಇರಲ್ಲ. ಬಕಾಸುರ."

ಗಿರಗಿಟ್ಲೆ ಉಳಿದ ಮೆಟ್ಟಿಲನ್ನು ಹಾರಿ ಇಳಿದಳು. ಬಸ್ಸು ಸಿಕ್ಕಿತು. ಕಿಟಕಿ ಪಕ್ಕದ ಸೀಟೂ ಸಿಕ್ಕಿತು.

ಸ್ಪರ್ಧೆ ಮುಗಿದ ಮಧ್ಯಾಹ್ನ ಅವಳು ಬೇಗ ಮನೆಗೆ ಬಂದಳು. ಎರಡನೇ ಬಹುಮಾನ ಬಂದಿತ್ತು. ಗುಂಡನ ಜೊತೆ ಒಂದು ಫೋಟೋ ತೆಗೆದು ಹಾಕಬೇಕೆಂದು ಗೂಡಿಗೆ ಕೈ ಹಾಕಿದಳು. ಅವನು ಓಡಲಿಲ್ಲ. ಎತ್ತಿದಾಗ ಕೈಗೆ ಸಿಕ್ಕಿದ್ದು ಬರೀ ತುಪ್ಪಳ, ಅದರೊಳಗೆ ಎಲುಬು. ಗಲ್ಲದ ಕೆಳಗೆ ಒದ್ದೆ. ಅವಳು ಅಮ್ಮಾ ಎಂದು ಕರೆದ ದನಿಗೆ ಮಷೀನು ನಿಂತಿತು, ಪಕ್ಕದ ಮನೆಯಿಂದ ಅಜ್ಜಿಯೂ ಬಂದಳು.

ಮೂವರೂ ಆಟೋದಲ್ಲಿ ಹೋದರು. ನಡುವೆ ಗಿರಗಿಟ್ಲೆ, ಆ ಕಡೆ ಈ ಕಡೆ ಇಬ್ಬರು. ಗುಂಡ ಅಜ್ಜಿಯ ಶಾಲಿನಲ್ಲಿ. ದಾರಿಯಲ್ಲಿ ಯಾರೂ ಮಾತಾಡಲಿಲ್ಲ, ಗುಂಡನ ಜೊತೆಯೂ.

ಪ್ರಾಣಿಗಳ ಡಾಕ್ಟರಮ್ಮ ಸಣ್ಣ ಲೈಟು ಹಿಡಿದು ಬಾಯಿ ನೋಡಿದಳು. ದವಡೆಹಲ್ಲು ಓರೆಯಾಗಿ ಬೆಳೆದು ನಾಲಿಗೆಯ ಮೇಲೆ ಸೇತುವೆಯಂತೆ ಕೂತಿತ್ತು. ಕೆಲವಕ್ಕೆ ಹುಟ್ಟಿನಿಂದಲೇ ಹಾಗಿರುತ್ತದೆ, ಯಾರ ತಪ್ಪೂ ಅಲ್ಲ ಎಂದಳು. ಬೇಗ ತಂದರೆ ಹಲ್ಲು ತೇದು ಸರಿ ಮಾಡಬಹುದು. ಆದರೆ ಇವಕ್ಕೆ ಹೊಟ್ಟೆ ಖಾಲಿ ಬಿಡುವ ಹಾಗಿಲ್ಲ, ಬಿಟ್ಟರೆ ಕರುಳೇ ನಿಂತುಬಿಡುತ್ತದೆ.

"ತಿನ್ನೋದು ಬಿಟ್ಟು ಎಷ್ಟು ದಿನ ಆಯ್ತು?" ಎಂದು ಕೇಳಿದಳು.

"ಬಿಟ್ಟಿಲ್ಲ," ಎಂದಳು ಅಜ್ಜಿ. "ನಿನ್ನೆ ಸಂಜೆನೂ ತಿಂದಿದಾನೆ. ನಾನೇ ಹಾಕಿದ್ದು. ಬೆಳಿಗ್ಗೆ ನೋಡಿದ್ರೆ ಪೂರ್ತಿ ಖಾಲಿ."

ಅಮ್ಮ ತಟ್ಟನೆ ತಿರುಗಿದಳು. ಮಷೀನು ಕಿಟಕಿಗೆ ಬಂದಾಗಿನಿಂದ ಮೊದಲ ಸಲ ಅವಳು ಅತ್ತೆಯ ಮುಖವನ್ನು ನೇರವಾಗಿ ನೋಡಿದಳು.

"ಅತ್ತೆ, ಖಾಲಿ ಮಾಡ್ತಿದ್ದೋಳು ನಾನು."

"ಅಂದ್ರೆ?"

"ಎಲ್ಲಾ ಹಾಗೇ ಇರ್ತಿತ್ತು. ನಾನು ಬಾಚಿ ಹೊರಗೆ ಹಾಕ್ತಿದ್ದೆ. ನೀವು ಜಾಸ್ತಿ ಹಾಕ್ತಿದೀರ ಅಂದ್ಕೊಂಡೆ."

"ಅವನು ತಿಂತಾನೆ ಅಂತ ನಾನು ದಿನಾ ಇನ್ನೂ ಸ್ವಲ್ಪ ಜಾಸ್ತಿ ತರ್ತಿದ್ದೆ," ಎಂದಳು ಅಜ್ಜಿ ನಿಧಾನವಾಗಿ. "ಗಲ್ಲ ಒದ್ದೆ ಇತ್ತು. ನೀರು ಕುಡಿದಿರಬೇಕು ಅಂದ್ಕೊಂಡೆ. ನೀನು ಒಂದು ಮಾತು ಹೇಳಬಾರ್ದಿತ್ತಾ?"

"ಹೇಳಿ ಕಳಿಸಿದ್ನಲ್ಲ. ಮುಟ್ಟೇ ಇಲ್ಲ ಅಂತ. ಇವಳ ಕೈಲಿ."

"ನನಗೆ ಬಂದಿದ್ದು ಬೇರೆ."

ಇಬ್ಬರೂ ಗಿರಗಿಟ್ಲೆಯ ಕಡೆ ನೋಡಿದರು. ಬೈಯುತ್ತಾರೆ ಎಂದು ಅವಳು ಕಾದಳು. ಬೈಯಲಿಲ್ಲ. ಡಾಕ್ಟರಮ್ಮ ಮಾತ್ರ ಕೈಗವಸು ಹಾಕಿಕೊಳ್ಳುತ್ತಾ, ಮೇಜಿನಿಂದ ಸ್ವಲ್ಪ ಹಿಂದೆ ನಿಲ್ಲಲು ಹೇಳಿದಳು.

ಹಲ್ಲು ತೇಯಿಸಿ, ನೀರಿನಂತೆ ಕಲಸಿ ಸೂಜಿಯಿಲ್ಲದ ಸಿರಿಂಜಿನಲ್ಲಿ ಕುಡಿಸುವ ಪುಡಿ ತೆಗೆದುಕೊಂಡು ಮನೆಗೆ ಬಂದರು. ಅಮ್ಮ ಹೊಲಿಯಬೇಕಾದ ಅಂಗಿಗಳನ್ನೆಲ್ಲ ಒಂದು ಹೊದಿಕೆಯಲ್ಲಿ ಗಂಟು ಕಟ್ಟಿ ಮೂಲೆಗೆಸೆದಳು. ಅಪ್ಪನ ಕೈಲಿ ಮಷೀನನ್ನು ಕಿಟಕಿಯಿಂದ ಒಳಕ್ಕೆ ಎಳೆಸಿ, ಆ ಜಾಗದಲ್ಲಿ ಅಜ್ಜಿಯ ಕುರ್ಚಿ ಹಾಕಿದಳು. ಬೆಚ್ಚಗಿರಬೇಕಂತೆ, ಇಲ್ಲಿ ಕೂತ್ಕೊಳಿ ಎಂದಳು. ಅಜ್ಜಿ ಗುಂಡನನ್ನು ತೊಡೆಯ ಮೇಲಿಟ್ಟುಕೊಂಡಳು, ಅಮ್ಮ ನೆಲದ ಮೇಲೆ ಕೂತು ಸಿರಿಂಜು ಹಿಡಿದಳು. ತಲೆ ಸ್ವಲ್ಪ ಎತ್ತಿ ಹಿಡೀರಿ. ಹೀಗಾ. ಹ್ಞಾಂ, ಹಾಗೆ. ನಿಧಾನ, ನೆತ್ತಿಗೆ ಹತ್ತತ್ತೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಮಾಡಿದರು, ಯಾವ ಮಾತೂ ಬೇರೆ ಬಾಯಿಯಿಂದ ಸುತ್ತಿ ಬರಲಿಲ್ಲ. ಗಿರಗಿಟ್ಲೆ ಅಡುಗೆಮನೆಯಲ್ಲಿ ಪುಡಿ ಕಲಸುವಳು, ಲೋಟ ತೊಳೆಯುವಳು, ಮತ್ತೆ ಕಲಸುವಳು. ಫೋನು ಎಲ್ಲೋ ಹಾಸಿಗೆಯ ಮೇಲೆ ಗುಂಯ್‌ಗುಡುತ್ತಿತ್ತು.

ಸಂಜೆ ಗುಂಡ ಎರಡು ಗುಟುಕು ನುಂಗಿದ. ಅಪ್ಪ ಬೇಕೆಂದೇ ಫ್ರಿಜ್ಜಿನ ಬಾಗಿಲು ತೆಗೆದು ಹಾಕಿ ನೋಡಿದ. ಕಿವಿ ಅಲ್ಲಾಡಿತು ಎಂದಳು ಅಜ್ಜಿ. ಮರುದಿನ ಬೆಳಿಗ್ಗೆ, ಬಿಸಿಲು ಕಿಟಕಿಯ ಚೌಕಟ್ಟು ದಾಟಿ ಅಜ್ಜಿಯ ಮಂಡಿಯ ಮೇಲೆ ಬಿದ್ದ ಹೊತ್ತಿಗೆ, ಶಾಲಿನೊಳಗೆ ಅಲ್ಲಾಟ ನಿಂತಿತು. ಅಜ್ಜಿ ತುಂಬಾ ಹೊತ್ತು ಯಾರಿಗೂ ಹೇಳದೆ ಹಾಗೇ ಸವರುತ್ತ ಕೂತಿದ್ದಳು.

ಹುಲ್ಲು ಕತ್ತರಿಸುತ್ತಿದ್ದ ಖಾಲಿ ಜಾಗದಲ್ಲೇ ಅಪ್ಪ ಗುಂಡಿ ತೆಗೆದ.

ಅದಾದ ಮೇಲೆ ಮನೆಯಲ್ಲಿ ಮಾತು ಶುರುವಾಯಿತು. ದೊಡ್ಡ ಮಾತೇನಲ್ಲ. ಅತ್ತೆ, ಔಷಧಿ ಆಯ್ತಾ. ಆಯ್ತು. ಕತ್ತರಿ ಕಾಣ್ತಿಲ್ಲ. ಮೇಜಿನ ಕೆಳಗಿದೆ ನೋಡು. ಗಿರಗಿಟ್ಲೆಯನ್ನು ಯಾರೂ ಕರೆಯುತ್ತಿರಲಿಲ್ಲ, ಯಾರೂ ಕಳಿಸುತ್ತಿರಲಿಲ್ಲ. ಊಟಕ್ಕೆ ಕೂತಾಗ ಉಪ್ಪಿನ ಡಬ್ಬಿಯೂ ಅವಳ ತಲೆ ಮೇಲಿಂದ ಆಚೆಯ ಕೈಯಿಂದ ಈಚೆಯ ಕೈಗೆ ದಾಟಿಹೋಗುತ್ತಿತ್ತು. ಮಾತಿನ ಮಧ್ಯೆ ಅವಳು ಬಂದು ನಿಂತರೆ ಇಬ್ಬರೂ ಸುಮ್ಮನಾಗುವರು. ಸಿಟ್ಟಿನಿಂದಲ್ಲ, ತುಳುಕುವ ಪಾತ್ರೆಯನ್ನು ಮಗುವಿನ ಕೈಯಿಂದ ತೆಗೆದುಕೊಳ್ಳುತ್ತಾರಲ್ಲ, ಹಾಗೆ.

ಕಿಟಕಿ ಖಾಲಿಯೇ ಇತ್ತು. ಅಮ್ಮ ಮಷೀನನ್ನು ಅಲ್ಲಿಗೆ ಮತ್ತೆ ತರಲಿಲ್ಲ, ಒಳಗೇ ದೀಪ ಹಾಕಿಕೊಂಡು ಕಣ್ಣು ಕಿರಿದು ಮಾಡಿ ಹೊಲಿಯುತ್ತಿದ್ದಳು. ಅಜ್ಜಿಯೂ ಕುರ್ಚಿಯನ್ನು ತಾನೇ ಎಳೆದುಕೊಂಡು ಗೋಡೆ ಪಕ್ಕಕ್ಕೆ ಹೋಗಿದ್ದಳು. ನಡುವೆ ನೆಲದ ಮೇಲೆ ಗೂಡಿನ ಚೌಕ ಗುರುತು.

ಒಂದು ಮಧ್ಯಾಹ್ನ ಗಿರಗಿಟ್ಲೆ ಅಲ್ಲಿ ಕೂತು ಆ ಗುರುತನ್ನು ಒದ್ದೆಬಟ್ಟೆಯಲ್ಲಿ ತಿಕ್ಕುತ್ತಿದ್ದಾಗ ಅಜ್ಜಿ ಕರೆದಳು. ಶಾಲು ಹೊದ್ದಿದ್ದಳು.

"ಒಂದು ಕೇಳ್ತೀನಿ. ನಿಜ ಹೇಳು. ಗಾಳಿ ತಾಗತ್ತೆ, ಶಾಲು ಹೊದ್ಕೊಳಕ್ಕೆ ಹೇಳು ಅಂತ ನಿಮ್ಮಮ್ಮ ಹೇಳಿದ್ಳು ಅಂದೆಯಲ್ಲ. ಅದು ಅವಳು ಹೇಳಿದ್ದಾ, ನೀನು ಹೇಳಿದ್ದಾ?"

ಮಷೀನು ಓಡುತ್ತಿತ್ತು. ಗಿರಗಿಟ್ಲೆಗೆ ಬಾಯಿ ತುದಿಯಲ್ಲಿ ಒಂದು ಒಳ್ಳೆಯ ಮಾತು ಸಿದ್ಧವಾಗಿತ್ತು, ಯಾವಾಗಲೂ ಸಿದ್ಧವಾಗಿರುವ ಹಾಗೆ. ಅದನ್ನು ನುಂಗಿದಳು.

"ನಾನು ಹೇಳಿದ್ದು. ಅಮ್ಮ ಹೇಳಿದ್ದು, ಮೇಜಿನ ಮೇಲಿಂದ ಶಾಲು ತೆಗೀಬೇಕು ಅಂತ. ಬಟ್ಟೆಗೆ ನೂಲು ಹತ್ತತ್ತೆ ಅಂತ."

ಅಜ್ಜಿ ತಲೆಯಾಡಿಸಿದಳು. ಹೆಗಲಿನಿಂದ ಶಾಲು ತೆಗೆದಳು. ಅಂಚಿಗೆ ಅಂಚು ಕೂಡಿಸಿ, ನಾಲ್ಕು ಮಡಿಕೆ ಮಾಡಿ, ತೊಡೆಯ ಮೇಲಿಟ್ಟುಕೊಂಡಳು. ಅದಕ್ಕೆ ಇನ್ನೂ ಒಂದೆರಡು ಕಂದು ಕೂದಲು ಅಂಟಿದ್ದವು.

ಮಷೀನಿನ ಸದ್ದು ನಿಂತಿತ್ತು. ಎಷ್ಟು ಹೊತ್ತಿನಿಂದ ನಿಂತಿತ್ತೋ ಗೊತ್ತಿಲ್ಲ. ಒಳಗಿನಿಂದ ಅಮ್ಮನ ದನಿ ಬಂತು. ಹಳೇ ಅಭ್ಯಾಸ, ಅವಳು ನೋಡುತ್ತಿದ್ದದ್ದು ಕಿಟಕಿಯ ಕೆಳಗೆ ಗೂಡಿದ್ದ ನೆಲವನ್ನು.

"ಹಾಗೆ ಶಾಲಿಲ್ದೆ ಕೂತ್ರೆ ಕೆಮ್ಮು ಬರತ್ತೆ."

ಅಲ್ಲಿ ಗುಂಡ ಇರಲಿಲ್ಲ. ಮಾತು ನೆಲದ ಮೇಲೇ ಉಳಿಯಿತು. ಗಿರಗಿಟ್ಲೆ ಅದನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ಆಚೆ ತಲುಪಿಸಲು ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡು, ಒದ್ದೆಬಟ್ಟೆಯನ್ನು ಹಿಂಡಿದಳು.

"ಕೇಳಿಸ್ತು," ಎಂದಳು ಅಜ್ಜಿ.

ಮಡಿಸಿಟ್ಟ ಶಾಲನ್ನು ಮಾತ್ರ ಬಿಚ್ಚಲಿಲ್ಲ.